ಅಡಿಕೆ ಅರ್ಧಕ್ಕೆ ಇಳಿದಿದೆ, ಮುಂದಿನ ಕೊಯ್ಲಿನವರೆಗೆ ಮನೆ ನಡೆಸುವುದು ಹೇಗೆ?

ನಗರ ಹೋಬಳಿಯವ:

ಎಲ್ಲರಿಗೂ ನಮಸ್ಕಾರ. ನಮ್ಮದು ಹೊಸನಗರ ತಾಲೂಕು. ತೋಟ 2 ಎಕರೆ 4 ಗುಂಟೆ, ಗದ್ದೆ ಒಂದೂವರೆ ಎಕರೆ, ಅದರಲ್ಲಿ ಅರ್ಧ ನಾಲ್ಕು ವರ್ಷದಿಂದ ಪಾಳು ಬಿದ್ದಿದೆ. ತೋಟಕ್ಕೆ ಎಲೆಚುಕ್ಕಿ ರೋಗ ಬರುವ ಮುಂಚೆ ಒಳ್ಳೆ ವರ್ಷದಲ್ಲಿ 15 ಕ್ವಿಂಟಾಲ್ ರಾಶಿ ಇಡಿ (ಬೇಯಿಸಿ ಒಣಗಿಸಿದ ಕೆಂಪಡಿಕೆ) ಆಗುತ್ತಿತ್ತು. ಹೋದ ವರ್ಷ 9, ಈ ವರ್ಷ ಆರೂವರೆ. ಮೊದಲೆಲ್ಲ ಕೊಯ್ಲಿನಲ್ಲಿ ಅಡಿಕೆ ಬೇಯಿಸುವ ಹಂಡೆ ಒಲೆ ರಾತ್ರಿ ಒಂದು ಗಂಟೆವರೆಗೆ ಉರಿಯುತ್ತಿತ್ತು, ಸುಲಿಯುವವರಿಗೆ ಎರಡು ಸಲ ಕಾಫಿ ಆಗುತ್ತಿತ್ತು. ಈ ಸಲ ಎಂಟು ಗಂಟೆಗೇ ಒಲೆ ಆರಿಸಿ ಊಟಕ್ಕೆ ಕೂತೆವು. ಅಮ್ಮ ಒಂದು ಮಾತೂ ಆಡಲಿಲ್ಲ.

ಲೆಕ್ಕ ಮುಚ್ಚಿಡುವುದಿಲ್ಲ. ಈ ಸಲದ ಅಡಿಕೆಗೆ ಮೂರು ಲಕ್ಷದ ಹತ್ತಿರ ಬರಬಹುದು. ಕೊನೆಗಾರ (ಮರ ಹತ್ತಿ ಅಡಿಕೆ ಗೊನೆ ಇಳಿಸುವವ), ಸುಲಿಗೆ, ಗೊಬ್ಬರ, ಔಷಧಿ ಎಲ್ಲ ಸೇರಿ ಒಂದೂವರೆ ಲಕ್ಷ ಆಗಲೇ ಹೋಗಿದೆ. ಸೊಸೈಟಿಯಲ್ಲಿ ಬೆಳೆಸಾಲ 3 ಲಕ್ಷ, ಮಾರ್ಚ್ ಒಳಗೆ ಕಟ್ಟಬೇಕು. ಪರಿಚಯದವರ ಹತ್ತಿರ ಕೈಗಡ 80 ಸಾವಿರ, ತಿಂಗಳಿಗೆ ನೂರಕ್ಕೆ ಎರಡು ರೂಪಾಯಿ ಬಡ್ಡಿ. ಇದರ ಮೇಲೆ ಒಂದು ದಡ್ಡತನವೂ ಇದೆ. ಮೂರು ವರ್ಷದ ಹಿಂದೆ ದರ ಚೆನ್ನಾಗಿದ್ದಾಗ ಒಂದು ಪಿಕಪ್ ತೆಗೆದುಕೊಂಡೆ, ಅದಕ್ಕೆ ತಿಂಗಳಿಗೆ 11,400 ಕಂತು. ಮಗಳು ಪಿಯುಸಿ. ಅಮ್ಮನಿಗೆ ಶುಗರ್ ಮಾತ್ರೆ.

ತಮ್ಮ ಬೆಂಗಳೂರಲ್ಲಿದ್ದಾನೆ. ತೋಟದ ಫಸಲನ್ನು ಯಾರಿಗಾದರೂ ಚೇಣಿಗೆ, ಅಂದರೆ ಗುತ್ತಿಗೆಗೆ ಕೊಟ್ಟು ಬಂದುಬಿಡು ಅನ್ನುತ್ತಾನೆ. ಪಕ್ಕದ ಮನೆಯವರು ಗದ್ದೆಗೂ ಅಡಿಕೆ ಹಾಕು ಅನ್ನುತ್ತಾರೆ. ಭಾವ ಶುಂಠಿ ಹಾಕೋಣ ಅನ್ನುತ್ತಾರೆ, ಜಾಗ ಅವರೇ ನೋಡಿದ್ದಾರಂತೆ. ಹೆಂಡತಿ ಎರಡು ದನ ಕಟ್ಟೋಣ ಅನ್ನುತ್ತಾಳೆ. ನನಗೆ ತಲೆ ಓಡುತ್ತಿಲ್ಲ. ಬೆಳೆ ಕೈಕೊಟ್ಟ ವರ್ಷ ನೀವೆಲ್ಲ ಹೇಗೆ ದಾಟಿದಿರಿ? ಧೈರ್ಯ ಹೇಳುವುದು ಬೇಡ, ಏನು ಮಾಡಿದಿರಿ ಅನ್ನುವುದನ್ನು ಬರೆಯಿರಿ.

ಐಟಿ ಮಲೆನಾಡಿಗ:

ಬೆಂಗಳೂರಿಗೆ ಬನ್ನಿ ಸಾರ್, ಇಲ್ಲಿ ಪಿಕಪ್ ಇದ್ದವರಿಗೆ ಕೆಲಸಕ್ಕೆ ಬರ ಇಲ್ಲ.

ಕೊಟ್ಟೆ ಕಟ್ಟಿದವ:

ಮೇಲೆ ಬರೆದ ಐಟಿ ಹುಡುಗ ಬೆಂಗಳೂರಲ್ಲಿ ಮನೆ ಬಾಡಿಗೆ ಎಷ್ಟು ಅಂತ ಬರೆಯಲಿಲ್ಲ, ಇರಲಿ.

ನಾನು ತೀರ್ಥಹಳ್ಳಿ ಕಡೆಯವ, ವಯಸ್ಸು 67. ಮಳೆಗಾಲದ ಕೊಳೆರೋಗಕ್ಕೆ ಔಷಧಿ ಹೊಡೆಯುವುದರ ಜೊತೆಗೆ ಅಡಿಕೆ ಗೊನೆಗೆ ಮಳೆ ತಾಗದ ಹಾಗೆ ಕೊಟ್ಟೆಯನ್ನೂ (ಹೊದಿಕೆ) ಕಟ್ಟುತ್ತಿದ್ದ ಕಾಲದವ. ಅಡಿಕೆ ದರ ಬಿದ್ದದ್ದನ್ನು ಕಣ್ಣಾರೆ ಕಂಡಿದ್ದೇನೆ. 2000ದ ಆಚೀಚೆ ಬಿತ್ತಲ್ಲ, ಆಗ ನಮ್ಮೂರಿನ ಅರ್ಧ ಮನೆಯಲ್ಲಿ ಬಂಗಾರ ಬ್ಯಾಂಕಿನಲ್ಲಿತ್ತು. ಆ ಹೊತ್ತಿಗೇ ವೆನಿಲ್ಲಾ ಬಂತು. 2003ರಲ್ಲಿ ಹಸಿ ಕೋಡಿಗೆ ಕೆಜಿಗೆ ಸಾವಿರಗಟ್ಟಲೆ ದರ. ನಾನೂ ಹಾಕಿದೆ. ಬೆಳಿಗ್ಗೆ ಎದ್ದು ಒಂದೊಂದೇ ಹೂವಿಗೆ ಕಡ್ಡಿಯಲ್ಲಿ ಪರಾಗಸ್ಪರ್ಶ ಮಾಡುವುದು, ರಾತ್ರಿ ಟಾರ್ಚ್ ಹಿಡಿದು ಕಾಯುವುದು, ನಾಯಿ ಬೊಗಳಿದರೆ ಓಡುವುದು. ನನ್ನ ಬಳ್ಳಿ ಕೋಡು ಬಿಡುವ ಹೊತ್ತಿಗೆ ದರ ನೆಲ ಕಚ್ಚಿತ್ತು. ಕೊನೆಗೆ ಕೋಡು ಕೇಳುವವರೇ ಇಲ್ಲದೆ ಮಗಳು ಸ್ವಲ್ಪ ತೆಗೆದುಕೊಂಡು ಹೋಗಿ ಪಾಯಸಕ್ಕೆ ಹಾಕಿದಳು.

ಆ ವರ್ಷ ನಮ್ಮನ್ನು ಉಳಿಸಿದ್ದು ಅಟ್ಟದ ಮೇಲೆ ಇದ್ದ ಮೂರು ಚೀಲ ಕಾಳುಮೆಣಸು. ನನ್ನ ಅಪ್ಪ ಒಂದು ರೂಢಿ ಇಟ್ಟಿದ್ದರು: ಮೆಣಸು ಕೊಯ್ದ ವರ್ಷವೇ ಪೂರ್ತಿ ಮಾರಬಾರದು. ಚೆನ್ನಾಗಿ ಒಣಗಿಸಿ, ಹಲ್ಲಲ್ಲಿ ಕಡಿದರೆ ಟಕ್ ಅನ್ನಬೇಕು, ಹಾಗೆ ಒಣಗಿದ್ದು ಎರಡು ಮೂರು ವರ್ಷ ಇಟ್ಟರೂ ಏನೂ ಆಗುವುದಿಲ್ಲ. ಅಡಿಕೆಯೂ ಹಾಗೇ, ಆದರೆ ನಮ್ಮ ಮಳೆಗಾಲದಲ್ಲಿ ಅಡಿಕೆಗೆ ಬೂಸು ಹಿಡಿಯುತ್ತದೆ, ಒಳಗೆ ಪ್ಲಾಸ್ಟಿಕ್ ಹಾಕಿದ ಚೀಲದಲ್ಲಿ ಬಾಯಿ ಬಿಗಿದು ಇಡಬೇಕು. ದರ ಏರಲಿ ಅಂತ ಕಾಯುವುದು ಬೇರೆ, ಅದು ಜೂಜು. ಇದು ಹಾಗಲ್ಲ. ಜುಲೈಯಲ್ಲಿ ಫೀಸಿಗೆ ಒಂದು ಚೀಲ, ನವರಾತ್ರಿ ಹೊತ್ತಿಗೆ ಒಂದು ಚೀಲ, ದರ ಎಷ್ಟೇ ಇರಲಿ. ನೀನು ಆರೂವರೆಯನ್ನೂ ಒಂದೇ ಸಲ ಮಂಡಿಗೆ ಹಾಕಿದರೆ ಏಪ್ರಿಲ್‌ಗೆ ಕೈ ಖಾಲಿ, ಮತ್ತೆ ಕೈಗಡ.

ಇನ್ನು ಪಿಕಪ್. ಮಾರಿಬಿಡು ಮಾರಾಯ. ಬೈದೆ ಅಂದುಕೊಳ್ಳಬೇಡ. ವರ್ಷಕ್ಕೆ ಒಂದು ಸಲ ದುಡ್ಡು ಬರುವ ಮನೆಗೆ ತಿಂಗಳ ಕಂತು ಹೊಂದುವುದಿಲ್ಲ. ವರ್ಷಕ್ಕೆ 1,36,800 ಆಯಿತು, ನಿನ್ನ ಈ ವರ್ಷದ ಅಡಿಕೆಯಲ್ಲಿ ಮೂರು ಕ್ವಿಂಟಾಲ್ ಆ ಗಾಡಿಯೇ ತಿನ್ನುತ್ತದೆ.

ಗದ್ದೆಗೆ ಅಡಿಕೆ ಹಾಕುವ ವಿಚಾರ ಬಿಟ್ಟುಬಿಡು. ಫಸಲು ಬರಲು ಐದಾರು ವರ್ಷ, ಬಸಿಗಾಲುವೆ ತೆಗೆಸಲು ಜೆಸಿಬಿ ಖರ್ಚು, ಮೇಲಾಗಿ ಇರುವ ತೋಟಕ್ಕೇ ರೋಗ, ಅದೇ ರೋಗಕ್ಕೆ ಇನ್ನೊಂದಿಷ್ಟು ಗಿಡ ಕೊಡುವುದು ಯಾಕೆ?

ಸೊರಬದವ:

ಶುಂಠಿ ಬಗ್ಗೆ ನಾನು ಹೇಳುತ್ತೇನೆ. ಪೂರ್ತಿ ಹೇಳುತ್ತೇನೆ, ನಿಮ್ಮ ಭಾವನಿಗೂ ತೋರಿಸಿ.

2023ರಲ್ಲಿ 60 ಕೆಜಿ ಚೀಲ ಹತ್ತು ಸಾವಿರ ದಾಟಿ ಹೋಯಿತು. ಆ ವರ್ಷ ಶುಂಠಿ ಇಟ್ಟುಕೊಂಡಿದ್ದವರು ಮನೆ ಕಟ್ಟಿದರು, ಕಾರು ತಂದರು. ನಾನು ನೋಡಿದವ. 2024ರಲ್ಲಿ ನಾನೂ ಮೂರು ಎಕರೆ ಲೀಸಿಗೆ ಹಿಡಿದೆ. ಎಲ್ಲರೂ ಹಾಕುವವರೇ ಆದಾಗ ಬೀಜದ ಶುಂಠಿಗೇ ದರ. ಎಕರೆಗೆ ಹದಿನಾರು ಹದಿನೇಳು ಚೀಲ ಬೀಜ ಬೇಕು. ಲೀಸು ಮುಂಗಡ, ಏರು ಮಾಡುವುದು, ಮೇಲೆ ಮುಚ್ಚಲು ಹುಲ್ಲು, ಗೊಬ್ಬರ, ಔಷಧಿ. ಆಗಸ್ಟ್ ತನಕ ಹಸಿರಾಗಿ ನೋಡಲು ಕಣ್ಣಿಗೆ ಹಬ್ಬ. ಆಮೇಲೆ ಒಂದು ಮೂಲೆಯಲ್ಲಿ ಹಳದಿ ತಿರುಗಿತು. ಕೊಳೆ ಅಂದರೆ ಗೊತ್ತಲ್ಲ, ಇವತ್ತು ನಾಲ್ಕು ಬುಡ, ಮಳೆ ನೀರು ಹರಿದ ದಿಕ್ಕಿಗೇ ನಾಳೆ ನಲವತ್ತು. ಗಿಡ ಎಳೆದರೆ ಸಲೀಸಾಗಿ ಕೈಗೆ ಬರುತ್ತದೆ, ಬುಡದಲ್ಲಿ ಆ ವಾಸನೆ. ಉಳಿದದ್ದನ್ನು ಕಿತ್ತು ಮಾರುವಾಗ ಚೀಲಕ್ಕೆ ಎರಡು ಸಾವಿರವೂ ಸಿಗಲಿಲ್ಲ. ಕಿತ್ತ ಕೂಲಿ, ತೊಳೆದ ಕೂಲಿ ಕಳೆದರೆ ಬೀಜದ ದುಡ್ಡೂ ಹುಟ್ಟಲಿಲ್ಲ.

ಶುಂಠಿ ಹಾಕಲೇಬಾರದು ಅನ್ನುವುದಿಲ್ಲ. ವರ್ಷಾ ವರ್ಷ ಹಾಕುವವರು ಇದ್ದಾರೆ, ಒಂದು ವರ್ಷ ಹೋದರೆ ಇನ್ನೊಂದು ವರ್ಷ ಬರುತ್ತದೆ ಅಂತ ಕೈಯಲ್ಲಿ ದುಡ್ಡು ಇಟ್ಟುಕೊಂಡವರು. ಸಾಲ ತೀರಿಸುವುದಕ್ಕೆ ಸಾಲ ಮಾಡಿ ಶುಂಠಿ ಹಾಕುವುದು ಮಾತ್ರ ಬೇಡ. ನಾನು ಮಾಡಿದ್ದು ಅದೇ. ಹೆಂಡತಿಯ ನಾಲ್ಕು ಬಳೆ ಇನ್ನೂ ಬಿಡಿಸಿಲ್ಲ.

ನಗರ ಹೋಬಳಿಯವ:

ಸೊರಬದ ಅಣ್ಣ, ಇಷ್ಟು ಬಿಡಿಸಿ ಬರೆದದ್ದಕ್ಕೆ ತುಂಬ ಉಪಕಾರ. ಭಾವನಿಗೆ ಕಳಿಸಿದೆ. ಓದಿದ್ದಾರೆ, ಎರಡು ನೀಲಿ ಗೀಟು ಬಿದ್ದಿದೆ, ಉತ್ತರ ಇಲ್ಲ.

ಪಿಕಪ್ ಬಗ್ಗೆ ತೀರ್ಥಹಳ್ಳಿಯ ರಾಯರು ಹೇಳಿದ್ದು ಸರಿ ಇರಬಹುದು. ಆದರೆ ಈಗ ಮಾರಿದರೆ ಬ್ಯಾಂಕಿನ ಬಾಕಿ ತೀರಿ ಕೈಗೆ ಹೆಚ್ಚೇನೂ ಬರುವುದಿಲ್ಲ. ಬಾಡಿಗೆಗೆ ಓಡಿಸಿದರೆ ಹೇಗೆ ಅಂತ ಒಂದು ಯೋಚನೆ.

ಮೆಟ್ಟುಗತ್ತಿ:

ಕೈಗೆ ಏನೂ ಬಾರದಿದ್ದರೂ ತಿಂಗಳಿಗೆ 11,400 ಹೋಗುವುದು ನಿಲ್ಲುತ್ತದಲ್ಲ ಅಣ್ಣ. ಅದೇ ಬಂದ ಹಾಗೆ.

ನಾನು ಸಾಗರ ತಾಲೂಕು. ನಮ್ಮದು ಒಂದೂಕಾಲು ಎಕರೆ ತೋಟ ಅಷ್ಟೇ. ನಮ್ಮನೆಯವರು ವರ್ಷದ ಲೆಕ್ಕ ಬರೆಯುತ್ತಾರೆ, ಅಡಿಕೆ ಇಷ್ಟು, ಖರ್ಚು ಇಷ್ಟು ಅಂತ ಒಂದೇ ಪುಟ. ಎರಡು ವರ್ಷದ ಹಿಂದೆ ನಾನು ಮಗನ ಹಳೆ ನೋಟ್‌ಬುಕ್ಕಿನಲ್ಲಿ ತಿಂಗಳ ಲೆಕ್ಕ ಬರೆಯಲು ಶುರು ಮಾಡಿದೆ. ಯಾವ ತಿಂಗಳು ಎಷ್ಟು ಬಂತು, ಎಷ್ಟು ಹೋಯಿತು. ಬರೆದ ಮೇಲೆ ಕಂಡದ್ದು ಏನು ಗೊತ್ತಾ? ನಮಗೆ ವರ್ಷದಲ್ಲಿ ದುಡ್ಡು ಕಡಿಮೆ ಬೀಳುತ್ತಿರಲಿಲ್ಲ. ಜೂನ್‌ನಿಂದ ಅಕ್ಟೋಬರ್ ತನಕ ಕಡಿಮೆ ಬೀಳುತ್ತಿತ್ತು. ಜೂನ್‌ನಲ್ಲಿ ಶಾಲೆ ಫೀಸು, ಮೈಲುತುತ್ತ, ಔಷಧಿ ಹೊಡೆಯುವವರ ಕೂಲಿ ಎಲ್ಲ ಒಟ್ಟಿಗೆ. ಆಮೇಲೆ ಆಸ್ಪತ್ರೆ, ಮಳೆಗಾಲದ ಜ್ವರ. ಆಗಲೇ ಕೈಗಡ ಹುಟ್ಟುವುದು. ಮನೆಗೆ ತಿಂಗಳಿಗೆ 13-14 ಸಾವಿರ ಬೇಕು ಅಂತ ಗೊತ್ತಾಯಿತು. ಐದು ತಿಂಗಳಿಗೆ 70 ಸಾವಿರ. ಅಷ್ಟನ್ನು ಹೊಂದಿಸುವುದೇ ನಮ್ಮ ಕೆಲಸ ಅಂದುಕೊಂಡೆವು. ಅಡಿಕೆ ಹೆಚ್ಚು ಮಾಡುವ ಚಿಂತೆ ಆಮೇಲೆ.

ದನದ ವಿಚಾರ. ನಮ್ಮಲ್ಲಿ ಎರಡು ಇದೆ, ಜರ್ಸಿ ಕ್ರಾಸ್. ಒಂದು ಕರೆಯುವಾಗ ಇನ್ನೊಂದು ಗಬ್ಬ ಇರುವ ಹಾಗೆ ನೋಡಿಕೊಳ್ಳುತ್ತೇನೆ, ಪ್ರತಿ ಸಲ ಹೊಂದುವುದಿಲ್ಲ. ಮನೆಗೆ ಇಟ್ಟು ದಿನಕ್ಕೆ 8-9 ಲೀಟರ್ ಡೈರಿಗೆ ಹಾಕುತ್ತೇನೆ, ಲೀಟರಿಗೆ 35ರ ಆಚೀಚೆ ಬೀಳುತ್ತದೆ. ಸರ್ಕಾರದ ಪ್ರೋತ್ಸಾಹಧನ ಲೀಟರಿಗೆ 5 ರೂಪಾಯಿ ಬೇರೆ, ಅದು ಬಂದಾಗ ಬಂತು, ಲೆಕ್ಕಕ್ಕೆ ಹಿಡಿಯಬೇಡಿ. ಹಿಂಡಿ, ಬೂಸಾ, ಡಾಕ್ಟರು ಕಳೆದು ತಿಂಗಳಿಗೆ ನಾಲ್ಕು ಸಾವಿರ ಉಳಿದರೆ ಪುಣ್ಯ. ಅಷ್ಟೇನಾ ಅನ್ನಬೇಡಿ. ಬಟವಾಡೆ ತಪ್ಪುವುದಿಲ್ಲ, ಅದು ಒಂದು. ಇನ್ನೊಂದು, ತೋಟಕ್ಕೆ ಗೊಬ್ಬರ ಲೋಡು ತರಿಸುವುದು ನಿಂತಿದೆ. ಕೊಟ್ಟಿಗೆಗೆ ದರಕು (ಉದುರಿದ ಒಣ ಎಲೆ), ಸೊಪ್ಪು ಹಾಸಿದರೆ ವರ್ಷಕ್ಕೆ ಬೇಕಾದ ಗೊಬ್ಬರ ಅಲ್ಲೇ ಆಗುತ್ತದೆ. ನಿಮಗೆ ಪಾಳು ಗದ್ದೆ ಇದೆ ಅಂದಿರಲ್ಲ. ಅರ್ಧಕ್ಕೆ ಭತ್ತ, ಅರ್ಧಕ್ಕೆ ಮೇವಿನ ಹುಲ್ಲು. ಅಕ್ಕಿಯೂ ಆಯಿತು, ಹುಲ್ಲೂ ಆಯಿತು. ಹುಲ್ಲು ಕೊಂಡು ದನ ಸಾಕಿದರೆ ಮಾತ್ರ ಏನೂ ಗಿಟ್ಟುವುದಿಲ್ಲ, ಇದನ್ನು ನಿಮ್ಮ ಮನೆಯವರಿಗೂ ಹೇಳಿ. ಅವರಿಗೆ ಗೊತ್ತೇ ಇರುತ್ತದೆ.

ಇನ್ನೊಂದು ಮಾತು, ಬೇಸರ ಮಾಡಿಕೊಳ್ಳಬೇಡಿ. ದನ ಕಟ್ಟಿದರೆ ಬೆಳಿಗ್ಗೆ ಐದಕ್ಕೆ ಏಳುವವರು ಯಾರು? ನೀವು ಬರೆದದ್ದರಲ್ಲಿ ತಮ್ಮ, ಭಾವ, ಪಕ್ಕದ ಮನೆಯವರು ಎಲ್ಲರೂ ಹೇಳಿದ ಮೇಲೆ ಕೊನೆಗೆ ಹೆಂಡತಿ. ಅವರು ಕೆಲಸ ಮಾಡಲು ತಯಾರಿರುವುದನ್ನೇ ಹೇಳಿದ್ದಾರೆ. ಉಳಿದವರೆಲ್ಲ ನಿಮ್ಮ ದುಡ್ಡಲ್ಲಿ ನೀವು ಮಾಡಬೇಕಾದ್ದನ್ನು ಹೇಳಿದ್ದಾರೆ.

ನಾನು ಮಾಡುವ ಇನ್ನೊಂದು ಕೆಲಸ ಅಪ್ಪೆಮಿಡಿ. ಹೊಳೆ ಸಾಲಿನ ಎರಡು ಮರದಿಂದ ಮಿಡಿ ತಂದು ಉಪ್ಪಿಗೆ ಹಾಕುತ್ತೇನೆ. ಫೆಬ್ರವರಿಯಿಂದ ಏಪ್ರಿಲ್ ಒಳಗೆ ಮುಗಿಯುವ ಕೆಲಸ, ಉಪ್ಪಿನಕಾಯಿ ಮಳೆಗಾಲ ಪೂರ್ತಿ ಮಾರುತ್ತದೆ. ತೊಟ್ಟು ಮುರಿದರೆ ಹಾಳಾಗುತ್ತದೆ, ಹಾಗಾಗಿ ಮರ ಹತ್ತುವವನಿಗೆ ಜಾಸ್ತಿ ಕೊಡಬೇಕು, ಉದುರಿಸಿದ್ದು ಬೇಡ. ಕಳೆದ ವರ್ಷ ಖರ್ಚು ಕಳೆದು 22 ಸಾವಿರ ಉಳಿಯಿತು. ಗೃಹಲಕ್ಷ್ಮಿ 2,000 ನಾನು ಮುಟ್ಟುವುದಿಲ್ಲ, ಸಂಘದ ಉಳಿತಾಯಕ್ಕೇ ಹೋಗುತ್ತದೆ. ಸಂಘ ಅಂದೆ ಅಂತ ವಾರದ ಕಂತಿನ ಸಾಲಕ್ಕೆ ಹೋಗಬೇಡಿ ಮತ್ತೆ. ನಮ್ಮ ಓಣಿಯಲ್ಲಿ ಒಬ್ಬರು ಮೂರು ಕಡೆ ತೆಗೆದು, ಒಂದರ ಕಂತು ಇನ್ನೊಂದರಿಂದ ಕಟ್ಟುತ್ತಾ ಕಟ್ಟುತ್ತಾ ಕೊನೆಗೆ ಮನೆಗೆ ಬೀಗ ಹಾಕಿ ಅಮ್ಮನ ಮನೆಗೆ ಹೋದರು.

ಕೊಟ್ಟೆ ಕಟ್ಟಿದವ:

ಸಾಗರದ ತಂಗಿ ಹೇಳಿದ್ದು ನನಗೆ ತಾಗಿತು. ನಮ್ಮ ಮನೆಯ ಮೆಣಸನ್ನು ಅಟ್ಟದ ಮೇಲೆ ಇಟ್ಟದ್ದು ಅಪ್ಪ ಅಂತ ಬರೆದೆ. ಒಣಗಿಸಿದ್ದು, ಕೇರಿದ್ದು, ಇಲಿ ಬಾರದ ಹಾಗೆ ಕಾದದ್ದು ಎಲ್ಲ ಅಮ್ಮ.

ಸೊಸೈಟಿ ಲೆಕ್ಕದವ:

ನಾನು ಒಂದು ಸಹಕಾರ ಸಂಘದಲ್ಲಿ ಕೆಲಸ ಮಾಡುತ್ತೇನೆ, ಊರು ಬೇಡ. ಎರಡು ಮೂರು ವಿಷಯ ಹೇಳುತ್ತೇನೆ, ಪ್ರಶ್ನೆ ಹಾಕಿದವರು ಗಮನಿಸಿ.

ಮೊದಲನೆಯದು ಮಾರ್ಚ್. ಬೆಳೆಸಾಲಕ್ಕೆ ಬಡ್ಡಿ ಇಲ್ಲ ಅನ್ನುವುದು ಗಡುವಿನೊಳಗೆ ಕಟ್ಟಿದವರಿಗೆ ಮಾತ್ರ. ದಿನ ತಪ್ಪಿದರೆ ಬಡ್ಡಿ ಬೀಳುತ್ತದೆ, ಸುಸ್ತಿದಾರ ಅಂತಾದರೆ ಮುಂದಿನ ಸಾಲಕ್ಕೂ ತೊಂದರೆ. ಎಷ್ಟೋ ಜನ ಗಡುವಿನ ದಿನ ಯಾರ ಹತ್ತಿರವೋ ವಾರದ ಮಟ್ಟಿಗೆ ತಂದು ಕಟ್ಟಿ, ಹೊಸ ಸಾಲ ಬಂದ ಕೂಡಲೇ ವಾಪಸ್ ಕೊಡುತ್ತಾರೆ. ಆ ಒಂದು ವಾರಕ್ಕೆ ಅವರು ಕೇಳುವ ಬಡ್ಡಿ ನೋಡಿದರೆ ತಲೆ ತಿರುಗುತ್ತದೆ. ಅದರ ಬದಲು ಈಗಲೇ ಬಂದು ಮಾತಾಡಿ. ಅಡಿಕೆ ಸಂಘದ ಮಂಡಿಗೆ ಹಾಕಿದ್ದರೆ ಅದರ ಮೇಲೆ ಮುಂಗಡ ಸಿಗುತ್ತದೆ, ಆ ದುಡ್ಡಿನಲ್ಲಿ ಕಟ್ಟಬಹುದು. ಮ್ಯಾಮ್ಕೋಸ್‌ನಂಥ ಅಡಿಕೆ ಮಾರಾಟ ಸಹಕಾರ ಸಂಘ 1939ರಿಂದ ಇರುವುದು ಸುಮ್ನೆ ಅಲ್ಲ. ರೈತ ದುಡ್ಡಿನ ತುರ್ತಿಗೆ ಸಿಕ್ಕಿದ ದರಕ್ಕೆ ದಲ್ಲಾಳಿಗೆ ಕೊಟ್ಟುಬಿಡುವುದನ್ನು ತಪ್ಪಿಸಲೆಂದೇ ಇಂಥ ಸಂಘಗಳು ಹುಟ್ಟಿದ್ದು.

ಎರಡನೆಯದು, ಬಡ್ಡಿ ಇಲ್ಲದ ಬೆಳೆಸಾಲದ ಮಿತಿ 2023-24ರ ಬಜೆಟ್‌ನಲ್ಲಿ 3 ಲಕ್ಷದಿಂದ 5 ಲಕ್ಷಕ್ಕೆ ಏರಿದೆ. ನಿಮ್ಮ ಜಮೀನಿಗೆ ಎಷ್ಟು ಕೊಡಬಹುದು ಅನ್ನುವುದು ಬೇರೆ ಲೆಕ್ಕ, 5 ಲಕ್ಷ ಸಿಕ್ಕೇ ಸಿಗುತ್ತದೆ ಅಂತಲ್ಲ. ಆದರೆ 80 ಸಾವಿರ ಕೈಗಡಕ್ಕೆ ವರ್ಷಕ್ಕೆ 19,200 ಬಡ್ಡಿ ಕಟ್ಟುತ್ತಿದ್ದೀರಿ. ಹೊಸ ಸಾಲ ಮಾಡುವಾಗ ಸ್ವಲ್ಪ ಹೆಚ್ಚಿಸಿ ಕೊಡಿ ಅಂತ ಅರ್ಜಿ ಹಾಕಿ, ತೋಟದ ಔಷಧಿ ಗೊಬ್ಬರದ ಖರ್ಚು ಅದರಲ್ಲಿ ಹೋಗಲಿ, ಅಡಿಕೆ ದುಡ್ಡಿನಲ್ಲಿ ಮೊದಲು ಕೈಗಡ ತೀರಿಸಿ.

ಆಮೇಲೆ ವಿಮೆ. ನೀವು ವಿಮೆ ಬಗ್ಗೆ ಒಂದಕ್ಷರ ಬರೆದಿಲ್ಲ. ಕಟ್ಟಿದ್ದೀರಾ? ಹವಾಮಾನ ಆಧಾರಿತ ವಿಮೆಯಲ್ಲಿ ಅಡಿಕೆಗೆ ಹೆಕ್ಟೇರಿಗೆ ವಿಮಾ ಮೊತ್ತ 1,28,000, ರೈತ ಕಟ್ಟುವುದು ಅದರ ಶೇ. 5, ಅಂದರೆ 6,400. ಗುಂಟೆಗೆ 65 ರೂಪಾಯಿ ಬೀಳುತ್ತದೆ. ನಿಮ್ಮ 84 ಗುಂಟೆಗೆ ಐದೂವರೆ ಸಾವಿರದ ಒಳಗೆ. ಇದು ನಿಮ್ಮ ತೋಟದ ಎಲೆಚುಕ್ಕಿ ನೋಡಿ ಕೊಡುವ ದುಡ್ಡಲ್ಲ. ಗ್ರಾಮ ಪಂಚಾಯಿತಿಯ ಮಳೆಮಾಪಕದಲ್ಲಿ ಮಳೆ ಎಷ್ಟು ದಾಖಲಾಯಿತು ಅನ್ನುವುದರ ಮೇಲೆ ಬರುವುದು. ಹಾಗಾಗಿಯೇ ಪಕ್ಕದ ಪಂಚಾಯಿತಿಗೆ ಜಾಸ್ತಿ, ನಮಗೆ ಕಡಿಮೆ ಅನ್ನುವ ಜಗಳ ಪ್ರತಿ ವರ್ಷ. ಆದರೂ ಕಟ್ಟಿ. 2020ರಿಂದ ಸಾಲ ಇದ್ದವರಿಗೂ ಕಡ್ಡಾಯ ಇಲ್ಲ, ಬೇಡ ಅಂತ ಬರೆದುಕೊಟ್ಟವರು ಆಮೇಲೆ ಕೌಂಟರಿನಲ್ಲಿ ನಿಂತು ನಮ್ಮನ್ನು ಬೈದದ್ದಿದೆ.

ಮುಖ್ಯವಾಗಿ ಪಹಣಿ ನೋಡಿ. ತೋಟದಲ್ಲಿ ಅಡಿಕೆ ಇದೆ, ಬೆಳೆ ಸಮೀಕ್ಷೆಯಲ್ಲಿ ಭತ್ತ ಅಂತ ಕೂತಿದ್ದರೆ ಪರಿಹಾರ ನಿಂತುಹೋಗುತ್ತದೆ. ಆ್ಯಪ್‌ನಲ್ಲಿ ನೀವೇ ಫೋಟೊ ಹಾಕಬಹುದು. ಖಾತೆಗೆ ಆಧಾರ್ ಜೋಡಣೆ ಆಗಿದೆಯಾ, ಸರ್ಕಾರದ ರೈತ ನೋಂದಣಿಯ ಫ್ರೂಟ್ಸ್ ಐಡಿಯಲ್ಲಿ ಎಲ್ಲ ಸರ್ವೆ ನಂಬರ್ ಸೇರಿದೆಯಾ ನೋಡಿಕೊಳ್ಳಿ. ತೀರಿಹೋದ ಅಪ್ಪನ ಹೆಸರಲ್ಲೇ ಇರುವ ಜಮೀನಾದರೆ ಪೌತಿ ಖಾತೆ ಮಾಡಿಸಿ ನಿಮ್ಮ ಹೆಸರಿಗೆ ತನ್ನಿ, ಇದನ್ನು ಎಷ್ಟು ಜನಕ್ಕೆ ಹೇಳಿದ್ದೇನೋ.

ಹಿನ್ನೀರು:

ಮೇಲೆ ಎಲ್ಲರೂ ಬರೆದದ್ದು ಪಹಣಿ ಇದ್ದವರ ಮಾತು. ನಮ್ಮದನ್ನೂ ಕೇಳಿ.

ಲಿಂಗನಮಕ್ಕಿ ಕಟ್ಟಿದಾಗ ನಮ್ಮ ಅಜ್ಜನ ಊರು ಮುಳುಗಿತು. 1964ರಲ್ಲಿ ಅಣೆಕಟ್ಟೆ ಮುಗಿಯಿತು, ಅಜ್ಜ ಲಾರಿಯಲ್ಲಿ ಬಂದು ಇಳಿದ ಕಾಡಿನ ಅಂಚಿನಲ್ಲೇ ನಾವು ಈಗಲೂ ಇರುವುದು. ಮೂರು ತಲೆಮಾರು ಆಯಿತು, ಹಕ್ಕುಪತ್ರ ಇಲ್ಲ. ಇಪ್ಪತ್ತು ಗುಂಟೆ ಅಡಿಕೆ ಇದೆ, ಕಾಗದದ ಪ್ರಕಾರ ಅಲ್ಲಿ ಕಾಡು. ಹಾಗಾಗಿ ಸೊಸೈಟಿ ಸಾಲ ಇಲ್ಲ, ವಿಮೆ ಇಲ್ಲ, ಕಿಸಾನ್ ಸಮ್ಮಾನ್‌ನ ವರ್ಷದ ಆರು ಸಾವಿರವೂ ಇಲ್ಲ. ಬಡ್ಡಿ ಇಲ್ಲದ ಸಾಲದ ಮಿತಿ ಐದು ಲಕ್ಷ ಆದರೇನು, ಐವತ್ತು ಲಕ್ಷ ಆದರೇನು ನಮಗೆ.

ನಾನು ಕೊನೆಗಾರ. ಹದಿನೇಳು ವರ್ಷದಿಂದ ಮರ ಹತ್ತುತ್ತಿದ್ದೇನೆ. ನಿಮ್ಮ ತೋಟದಲ್ಲಿ ಬೆಳೆ ಅರ್ಧ ಆದರೆ ನಮ್ಮ ಕೆಲಸದ ದಿನವೂ ಅರ್ಧ ಆಗುತ್ತದೆ, ಇದು ಯಾರ ಲೆಕ್ಕದಲ್ಲೂ ಬರುವುದಿಲ್ಲ. ಮೊದಲು ನವೆಂಬರ್‌ನಿಂದ ಫೆಬ್ರವರಿ ತನಕ ಒಂದು ದಿನ ಬಿಡುವಿರುತ್ತಿರಲಿಲ್ಲ. ಎಲೆಚುಕ್ಕಿ ಬಂದ ಮೇಲೆ ಒಂದೇ ತೋಟದಲ್ಲಿ ಮೂರು ಕೊಯ್ಲು ಇದ್ದದ್ದು ಎರಡಾಯಿತು. ಮರ ಹತ್ತಿದರೆ ಮೇಲೆ ಗೊತ್ತಾಗುತ್ತದೆ, ಕೆಳಗಿನ ಸೋಗೆ ಎಲ್ಲ ಸುಟ್ಟ ಹಾಗೆ ಒಣಗಿ ಜೋತುಬಿದ್ದಿರುತ್ತದೆ, ಸುಳಿ ಹತ್ತಿರ ಮೂರು ನಾಲ್ಕು ಹಸಿರು ಎಲೆ. ಆ ಮರ ಮುಂದಿನ ವರ್ಷ ಏನು ಕೊಡುತ್ತದೆ ಅಂತ ಮಾಲೀಕರಿಗಿಂತ ಮೊದಲು ನಮಗೆ ಗೊತ್ತಾಗುತ್ತದೆ.

ನಾವು ಮಾಡಿದ್ದು ಇಷ್ಟು. ನಾಲ್ಕು ಜನ ಸೇರಿ, ಒಬ್ಬೊಬ್ಬರು ಸ್ವಲ್ಪ ಸ್ವಲ್ಪ ಹಾಕಿ, ಕಾರ್ಬನ್ ಫೈಬರ್ ದೋಟಿ (ಉದ್ದ ಕೋಲು) ಒಂದು ತಗೊಂಡೆವು. ಸಬ್ಸಿಡಿ ನಮಗೆ ಸಿಗಲಿಲ್ಲ, ಜಮೀನಿನ ದಾಖಲೆ ಕೇಳಿದರು. ಅರವತ್ತು ಅಡಿ ತನಕ ನೆಲದ ಮೇಲೆ ನಿಂತೇ ಔಷಧಿ ಹೊಡೆಯಬಹುದು, ಕೊಯ್ಯಬಹುದು. ಕುತ್ತಿಗೆ ನೋಯುತ್ತದೆ, ಆದರೆ ಮಳೆಯಲ್ಲಿ ಜಾರುವ ಮರ ಹತ್ತುವ ಭಯ ಇಲ್ಲ. ಈಗ ಮೇ, ಜೂನ್, ಜುಲೈಯಲ್ಲೂ ಕೆಲಸ ಇದೆ. ದುಡಿದದ್ದರಲ್ಲಿ ದೋಟಿಯ ಪಾಲು ಅಂತ ಒಂದು ಡಬ್ಬಿಗೆ ಹಾಕುತ್ತೇವೆ, ರಿಪೇರಿಗೆ, ಇಲ್ಲ ನಾಲ್ವರಲ್ಲಿ ಯಾರಿಗಾದರೂ ಆಸ್ಪತ್ರೆಗೆ. ಮಳೆ ಹೊತ್ತಿಗೆ ಕಾಡಲ್ಲಿ ಉಪ್ಪಾಗೆ ಅನ್ನುವ ಹುಳಿ ಹಣ್ಣು ಸಿಗುತ್ತದೆ, ಮನೆಯವಳು ಒಲೆ ಮೇಲೆ ಒಣಗಿಸಿ ಮಾರುತ್ತಾಳೆ.

ಹೊಸನಗರದ ಅಣ್ಣನಿಗೆ ಒಂದೇ ಮಾತು. ದುಡ್ಡು ಉಳಿಸಬೇಕು ಅಂತ ಈ ಸಲ ಔಷಧಿ ಬಿಡಬೇಡಿ. ಹೋದ ವರ್ಷ ಒಬ್ಬರು ಹಾಗೇ ಮಾಡಿದರು. ಎಲೆಚುಕ್ಕಿಯ ಜೊತೆ ಕೊಳೆಯೂ ಸೇರಿ, ನಾನು ಹತ್ತಿ ಇಳಿಸಿದ್ದು ಕೊನೆ ಅಲ್ಲ, ಬರೀ ದಂಟು.

ನಗರ ಹೋಬಳಿಯವ:

ನಾಲ್ಕು ದಿನ ಆಯಿತು ಬರೆಯದೆ. ಎಲ್ಲ ಓದಿದೆ, ಮನೆಯಲ್ಲೂ ಓದಿಸಿದೆ. ಮೆಟ್ಟುಗತ್ತಿ ಅಕ್ಕ ಬರೆದದ್ದನ್ನು ಹೆಂಡತಿ ಎರಡು ಸಲ ಓದಿ, ಏನೂ ಹೇಳದೆ, ಮಗಳ ಹಳೆ ನೋಟ್‌ಬುಕ್ ತಂದು ಮುಂದಿಟ್ಟಳು. ಕೂತು ಬರೆದೆವು. ನಮ್ಮದೂ ಅದೇ ಕಥೆ. ಕೈಗಡ ತಂದದ್ದು ಎರಡು ಸಲವೂ ಆಗಸ್ಟ್‌ನಲ್ಲಿ.

ಪಿಕಪ್‌ಗೆ ರಿಪ್ಪನ್‌ಪೇಟೆಯ ಒಬ್ಬರು ಕೇಳಿದ್ದಾರೆ. ಕಂತು ಅವರಿಗೆ ಹೋಗುವ ಹಾಗೆ ಬ್ಯಾಂಕಿನಲ್ಲಿ ಮಾಡಬಹುದಾ ಅಂತ ಸೋಮವಾರ ವಿಚಾರಿಸುತ್ತೇನೆ, ಸುಮ್ನೆ ಬಾಯಿಮಾತಿನಲ್ಲಿ ಕೊಟ್ಟು ಆಮೇಲೆ ನನ್ನ ಹೆಸರಲ್ಲಿ ನೋಟಿಸು ಬರುವುದು ಬೇಡ. ಕೊಡುವಾಗ ಬೇಜಾರಾಗುತ್ತದೆ, ಸುಳ್ಳು ಹೇಳುವುದಿಲ್ಲ. ಊರಲ್ಲಿ ನಾಲ್ಕು ಜನ ಕೇಳುತ್ತಾರೆ, ಗಾಡಿ ಏನಾಯ್ತು ಅಂತ.

ಅಡಿಕೆ ನಾಲ್ಕೂವರೆ ಮಂಡಿಗೆ, ಎರಡು ಮನೆಯಲ್ಲಿ. ಬಂದದ್ದರಲ್ಲಿ ಮೊದಲು ಕೈಗಡ, ಆಮೇಲೆ ಉಳಿದದ್ದು ಸೊಸೈಟಿಗೆ. ಕಡಿಮೆ ಬಿದ್ದದ್ದಕ್ಕೆ ಬಂಗಾರ ಇಡಬೇಕು, ಹೊಸ ಸಾಲ ಬಂದ ಕೂಡಲೇ ಬಿಡಿಸುವುದು ಅಂತ ಹೆಂಡತಿ ದಿನಾಂಕ ಸಮೇತ ಬರೆಸಿಕೊಂಡಿದ್ದಾಳೆ. ವಿಮೆ ವಿಚಾರದಲ್ಲಿ ಲೆಕ್ಕದವರು ಹೇಳಿದ್ದು ನಿಜ. ಪಹಣಿ ತೆಗೆಸಿ ನೋಡಿದೆ, ತೋಟದ ಹದಿನೆಂಟು ಗುಂಟೆ ಭತ್ತ ಅಂತ ಇದೆ! ಅಪ್ಪ ಗದ್ದೆಗೆ ಅಡಿಕೆ ಹಾಕಿ ಇಪ್ಪತ್ತೈದು ವರ್ಷ ಆಗಿದೆ.

ದನ ಒಂದೇ ತರುತ್ತೇವೆ ಈಗ. ಎರಡನೆಯದು ಗದ್ದೆಯ ಹುಲ್ಲು ಬಂದ ಮೇಲೆ ಅಂದಳು.

ತಮ್ಮನಿಗೆ ಫೋನ್ ಮಾಡಿದೆ. ಬರುವುದಿಲ್ಲ ಅಂದೆ. ಹಾಗಾದರೆ ಮಗಳ ಫೀಸು ಈ ವರ್ಷ ನಾನು ನೋಡಿಕೊಳ್ಳುತ್ತೇನೆ ಅಂದ. ಇದನ್ನು ಮೊದಲೇ ಹೇಳಿದ್ದರೆ ಇಷ್ಟು ಬರೆಯುತ್ತಲೇ ಇರಲಿಲ್ಲವೇನೋ.

ಸೊರಬದವ:

ಭಾವ ಏನಂದರು?

ನಗರ ಹೋಬಳಿಯವ:

ಅವರು ಹಾಕುತ್ತಾರಂತೆ. ಒಂದು ಎಕರೆ ಮಾತ್ರ ಅಂದಿದ್ದಾರೆ. ಮೊದಲು ಮೂರು ಅನ್ನುತ್ತಿದ್ದರು.

ಮೆಟ್ಟುಗತ್ತಿ:

ಅಣ್ಣ, ನಿಮ್ಮ ಮನೆಯವರಿಗೆ ನನ್ನ ನಮಸ್ಕಾರ ಹೇಳಿ. ದನ ತರುವಾಗ ಕರೆಯುವ ದನವನ್ನೇ ತನ್ನಿ. ಎರಡು ಹೊತ್ತು ಅವರೇ ಹೋಗಿ ಕರೆದು ನೋಡಲಿ. ಮಾರುವವರು ಹೇಳುವ ಲೀಟರು ಬೇರೆ, ಕೊಟ್ಟಿಗೆಗೆ ಬಂದ ಮೇಲೆ ಕೊಡುವ ಲೀಟರು ಬೇರೆ.

ಹಿನ್ನೀರು:

ನಗರ ಹೋಬಳಿಯಲ್ಲಿ ಎಲ್ಲಿ ಅಣ್ಣ? ಮೇ ಕೊನೆ ವಾರ ನಾವು ಆ ಕಡೆ ಬರುತ್ತೇವೆ, ಎರಡು ತೋಟ ಒಪ್ಪಿಕೊಂಡಿದ್ದೇವೆ. ದೋಟಿ, ಪಂಪು ನಮ್ಮದು. ಮೈಲುತುತ್ತ, ಸುಣ್ಣ ನೀವು ತಂದಿಡಿ, ನೂರು ಲೀಟರಿಗೆ ಒಂದೊಂದು ಕೆಜಿ. ಸುಣ್ಣ ಹಳೆಯದು ಬೇಡ, ಗಾಳಿಗೆ ಪುಡಿಯಾದದ್ದು ಹಾಕಿದರೆ ದ್ರಾವಣ ಕೂಡುವುದಿಲ್ಲ. ಅಕ್ಕಪಕ್ಕದ ತೋಟದವರನ್ನೂ ಕೇಳಿ ನೋಡಿ. ನೀವೊಬ್ಬರೇ ಹೊಡೆದು ಪಕ್ಕದವರು ಬಿಟ್ಟರೆ ರೋಗ ಬೇಲಿ ದಾಟಿ ಬರುತ್ತದೆ. ನಾಲ್ಕು ಮನೆ ಸೇರಿದರೆ ನಮಗೂ ಒಂದು ವಾರದ ಕೆಲಸ, ದರದಲ್ಲೂ ಸ್ವಲ್ಪ ನೋಡೋಣ.

ನಗರ ಹೋಬಳಿಯವ:

ಬನ್ನಿ. ಪಕ್ಕದ ಮನೆಯವರಿಗೆ ಇವತ್ತೇ ಹೇಳುತ್ತೇನೆ. ಊಟ ನಮ್ಮನೆಯಲ್ಲೇ.